ಎಎಚ್ ಒಂದನ್ನೇ ನೋಡಿ ಬ್ಯಾಟರಿ ಕೊಳ್ಳಬೇಡಿ: ಎಂಎಎಚ್, ಎಎಚ್, ವ್ಯಾಟ್-ಅವರ್ ಲೆಕ್ಕ ಹಾಕುವ ಬಗೆ

ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ಕಡೆ ಹಳ್ಳಿ. ಹತ್ತಿ, ಮೆಣಸಿನಕಾಯಿ ಬೆಳೆಯುತ್ತೇವೆ. ನಮ್ಮ ಓಣಿಯಲ್ಲಿ ಮನೆಗೊಂದು ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಬ್ಯಾಟರಿ ಪಂಪು ಇದೆ. ಎರಡು ವರ್ಷದ ಹಿಂದೆ ನಮ್ಮ ಪಂಪಿನ ಬ್ಯಾಟರಿ ಕೂತುಹೋಯಿತು. ಹಳೆಯದು 12 ವೋಲ್ಟ್, 8 ಎಎಚ್, ಲೆಡ್ ಆಸಿಡ್. ಪೇಟೆಗೆ ಹೋದರೆ ಅಂಗಡಿಯವರು ಲಿಥಿಯಂ ಪ್ಯಾಕ್ ಒಂದನ್ನು ಕೈಗಿಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ 24,000 ಎಂಎಎಚ್ ಅಂತ ಇತ್ತು.

"ನಿಮ್ದು 8 ಎಎಚ್ ಅಂದ್ರ 8,000 ಆತು. ಇದು 24,000. ಮೂರು ಪಟ್ಟು ಬರ್ತದ ನೋಡಣ್ಣ" ಎಂದರು.

ಲೆಕ್ಕ ಸರಿ ಅನ್ನಿಸಿತು. ದುಡ್ಡು ಕೊಟ್ಟು ತಂದೆ. ಹೊಲಕ್ಕೆ ಒಯ್ದು ನೋಡಿದರೆ, ಹಳೆಯ ಬ್ಯಾಟರಿ ಹೊಸದಿದ್ದಾಗ ಬರುತ್ತಿದ್ದುದಕ್ಕಿಂತ ಅರ್ಧ ಗಂಟೆ ಜಾಸ್ತಿ ಬಂತು, ಅಷ್ಟೇ. ಮೂರು ಪಟ್ಟು ಎಲ್ಲೂ ಕಾಣಲಿಲ್ಲ. ಆ ದಿನ ರಾತ್ರಿ ಪ್ಯಾಕಿನ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಮೊಬೈಲ್ ಟಾರ್ಚ್ ಹಿಡಿದು ಓದಿದೆ. ಕೆಳಗೆ ಒಂದು ಮೂಲೆಯಲ್ಲಿ 11.1 ವೋಲ್ಟ್ ಅಂತಿತ್ತು, ಪಕ್ಕದಲ್ಲಿ 88.8 ವ್ಯಾಟ್-ಅವರ್ ಅಂತಿತ್ತು. ಉತ್ತರ ಪೂರ್ತಿ ಅಲ್ಲೇ ಇತ್ತು, ನನಗೆ ಓದಲು ಬರುತ್ತಿರಲಿಲ್ಲ. ಅದನ್ನು ಓದುವುದು ಹೇಗೆ ಅಂತ ಹೇಳುತ್ತೇನೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ಟಿಎಂಸಿ ಲೆಕ್ಕ

ತುಂಗಭದ್ರಾ ಡ್ಯಾಮಿನ ನೀರನ್ನು ನಾವು ಟಿಎಂಸಿಯಲ್ಲಿ ಎಣಿಸುತ್ತೇವೆ. ಜುಲೈ ಬಂತೆಂದರೆ ಬೆಳಗಾಗೆದ್ದು ಮೊದಲ ಮಾತೇ "ಡ್ಯಾಂ ಎಷ್ಟು ಆತು" ಅಂತ. ಟಿಎಂಸಿ ಅಂದರೆ ನೀರು ಎಷ್ಟಿದೆ ಅನ್ನುವ ಲೆಕ್ಕ. ಆದರೆ ಆ ನೀರಿನಿಂದ ಮುನಿರಾಬಾದಿನ ಪವರ್ ಹೌಸಿನಲ್ಲಿ ಎಷ್ಟು ಕರೆಂಟ್ ಹುಟ್ಟುತ್ತದೆ ಅಂತ ಕೇಳಿದರೆ ಟಿಎಂಸಿ ಒಂದೇ ಸಾಲದು, ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಅನ್ನುವುದೂ ಬೇಕು. ಡ್ಯಾಂ 1,633 ಅಡಿ ಭರ್ತಿ ಇದ್ದಾಗ ಬಿಟ್ಟ ಒಂದು ಟಿಎಂಸಿ ನೀರು ಜಾಸ್ತಿ ಕರೆಂಟ್ ಕೊಡುತ್ತದೆ. ಮಟ್ಟ ಇಳಿದ ಮೇಲೆ ಬಿಟ್ಟ ಒಂದು ಟಿಎಂಸಿ ಕಡಿಮೆ ಕೊಡುತ್ತದೆ. ನೀರು ಅಷ್ಟೇ, ಎತ್ತರ ಬೇರೆ.

ಬ್ಯಾಟರಿಯಲ್ಲೂ ಹೀಗೇ. ಎಎಚ್, ಅಂದರೆ ಆಂಪಿಯರ್-ಅವರ್, ಇದು ಟಿಎಂಸಿ ಇದ್ದ ಹಾಗೆ. ಒಳಗೆ ಎಷ್ಟು ಚಾರ್ಜ್ ತುಂಬಿದೆ ಅಂತ ಹೇಳುತ್ತದೆ. 1 ಎಎಚ್ ಅಂದರೆ 1 ಆಂಪಿಯರ್ ಕರೆಂಟನ್ನು 1 ಗಂಟೆ ಹೊತ್ತು ಕೊಡುವಷ್ಟು. ವೋಲ್ಟ್ ಅನ್ನುವುದು ಎತ್ತರ. ಎರಡನ್ನೂ ಗುಣಿಸಿದರೆ ಬರುವುದು ವ್ಯಾಟ್-ಅವರ್, ಅದೇ ನಿಜವಾದ ಶಕ್ತಿ. ಫ್ಯಾನ್ ತಿರುಗುವುದು, ಪಂಪು ಹೊಡೆಯುವುದು, ಗಾಡಿ ಓಡುವುದು ಎಲ್ಲವೂ ಆ ಶಕ್ತಿಯಿಂದ.

ಹಾಗಾಗಿ ಎರಡು ಬ್ಯಾಟರಿಗಳ ವೋಲ್ಟ್ ಒಂದೇ ಇದ್ದರೆ ಮಾತ್ರ ಎಎಚ್ ನೋಡಿ ಹೋಲಿಸಬಹುದು. ವೋಲ್ಟ್ ಬೇರೆ ಇದ್ದರೆ ಎರಡನ್ನೂ ವ್ಯಾಟ್-ಅವರ್‌ಗೆ ತಂದುಕೊಳ್ಳಲೇಬೇಕು.

ಲೆಕ್ಕ ಹಾಕುವುದು

ಮೊದಲ ಹೆಜ್ಜೆ, ವೋಲ್ಟ್ ಹುಡುಕಿ. ಲೇಬಲ್ ಮೇಲೆ ಇರುತ್ತದೆ. ಇಲ್ಲದಿದ್ದರೆ ಬ್ಯಾಟರಿಯ ಜಾತಿಯಿಂದ ತಿಳಿಯಬಹುದು. ಲೆಡ್ ಆಸಿಡ್‌ನ ಒಂದು ಸೆಲ್ 2 ವೋಲ್ಟ್, ಅಂಥ ಆರು ಸೆಲ್ ಸೇರಿ 12 ಆಗುತ್ತದೆ. ಮಾಮೂಲಿ ಲಿಥಿಯಂ ಅಯಾನ್ ಸೆಲ್ 3.6 ಅಥವಾ 3.7 ವೋಲ್ಟ್. ಈಗ ಇನ್ವರ್ಟರ್‌ಗೆ, ಸೋಲಾರ್‌ಗೆ, ಕೆಲವು ಗಾಡಿಗಳಿಗೆ ಬರುತ್ತಿರುವ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಒಂದು ಸೆಲ್‌ಗೆ 3.2 ವೋಲ್ಟ್. ಅದರಲ್ಲಿ ನಾಲ್ಕು ಸೆಲ್ ಪ್ಯಾಕ್ 12.8, ಹದಿನಾರು ಸೆಲ್ ಪ್ಯಾಕ್ 51.2. ಮಲ್ಟಿಮೀಟರ್ ಹಿಡಿದರೆ ಈ ಅಂಕಿ ಬರುವುದಿಲ್ಲ, ಗಾಬರಿ ಬೇಡ. ಫುಲ್ ಚಾರ್ಜ್ ಆದ ಲಿಥಿಯಂ ಅಯಾನ್ ಸೆಲ್ 4.2 ತೋರಿಸುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಲೆಕ್ಕಕ್ಕೆ ಲೇಬಲ್ ಮೇಲಿನ ನಡುವಿನ ಅಂಕಿಯನ್ನೇ ಹಿಡಿಯಬೇಕು.

ಎರಡನೆಯದು, ಎಂಎಎಚ್, ಅಂದರೆ ಮಿಲಿಆಂಪಿಯರ್-ಅವರ್, ಇದ್ದರೆ 1,000ದಿಂದ ಭಾಗಿಸಿ ಎಎಚ್ ಮಾಡಿಕೊಳ್ಳಿ. 5,000 ಎಂಎಎಚ್ ಅಂದರೆ 5 ಎಎಚ್. ಎಣ್ಣೆ ಅಳೆಯುವಾಗ 1,000 ಎಂಎಲ್ ಒಂದು ಲೀಟರ್ ಅಲ್ವಾ, ಹಾಗೆಯೇ.

ಮೂರನೆಯದು, ಗುಣಿಸಿ. ವೋಲ್ಟ್ × ಎಎಚ್ = ವ್ಯಾಟ್-ಅವರ್.

ತಿರುವಿ ಬೇಕಾದರೆ ಭಾಗಿಸಿ. ವ್ಯಾಟ್-ಅವರ್ ÷ ವೋಲ್ಟ್ = ಎಎಚ್. ಅದನ್ನು 1,000ದಿಂದ ಗುಣಿಸಿದರೆ ಎಂಎಎಚ್.

ಈಗ ನನ್ನ ಪಂಪಿನ ಲೆಕ್ಕ ನೋಡಿ. ಹಳೆಯ ಲೆಡ್ ಆಸಿಡ್: 12 × 8 = 96 ವ್ಯಾಟ್-ಅವರ್. ಹೊಸ ಪ್ಯಾಕಿನೊಳಗೆ ಇದ್ದದ್ದು 2,000 ಎಂಎಎಚ್‌ನ ಹನ್ನೆರಡು ಸೆಲ್. ತಯಾರಿಸಿದವರು ಹನ್ನೆರಡನ್ನೂ ಕೂಡಿ 24,000 ಅಂತ ಬರೆದಿದ್ದರು. ಆ 24,000 ಬರುವುದು ಸೆಲ್ ಎಲ್ಲವನ್ನೂ 3.7 ವೋಲ್ಟ್‌ನಲ್ಲಿ ಒಟ್ಟಿಗೆ ಜೋಡಿಸಿದರೆ ಮಾತ್ರ. ಪಂಪಿನ ಮೋಟಾರಿಗೆ 12ರ ಹತ್ತಿರ ಬೇಕು. ಅದಕ್ಕೆ ಮೂರು ಮೂರು ಸೆಲ್ ಸಾಲಾಗಿ ಜೋಡಿಸಿ 11.1 ಮಾಡಿದ್ದಾರೆ, ಅಂಥ ನಾಲ್ಕು ಸಾಲು. ಆಗ ಸಿಗುವುದು 8 ಎಎಚ್ ಮಾತ್ರ. ಎರಡೂ ಕಡೆಯಿಂದ ಹಾಕಿ ನೋಡಿ: 3.7 × 24 = 88.8. 11.1 × 8 = 88.8. ಶಕ್ತಿ ಒಂದೇ. 24,000 ಅನ್ನುವ ಅಂಕಿ ಪೂರ್ತಿ ಸುಳ್ಳೂ ಅಲ್ಲ, ನನ್ನ ಪಂಪಿಗೆ ಹೊಂದುವ ಅಂಕಿಯೂ ಅಲ್ಲ. 96ರ ಬದಲು 88.8 ತಂದಿದ್ದೆ.

ಹಾಗಾದರೆ ಅರ್ಧ ಗಂಟೆ ಜಾಸ್ತಿ ಬಂದದ್ದು ಹೇಗೆ? ಅದಕ್ಕೆ ಬೇರೆ ಕಾರಣ ಇದೆ, ಮುಂದೆ ಹೇಳುತ್ತೇನೆ. ಲಿಥಿಯಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆನ್ನ ಮೇಲೆ 16 ಲೀಟರ್ ಹೊತ್ತವರಿಗೆ ಬ್ಯಾಟರಿಯಲ್ಲಿ ಒಂದೂವರೆ ಕೆಜಿ ಕಡಿಮೆ ಆಯಿತೆಂದರೆ ಸಂಜೆಗೆ ಅದರ ಬೆಲೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಲಿಥಿಯಂ ಹಾಕಿಸಿದ ಮೇಲೆ ಹಳೆಯ ಲೆಡ್ ಆಸಿಡ್ ಚಾರ್ಜರ್ ಚುಚ್ಚಬೇಡಿ. ಮೂರು ಸೆಲ್ ಸಾಲಿಗೆ 12.6 ವೋಲ್ಟ್ ಮೇಲೆ ಹೋಗಬಾರದು. ಹಳೆಯ ಚಾರ್ಜರ್ 14ರ ಮೇಲೂ ಹೋಗುತ್ತದೆ. ಒಳಗಿನ ರಕ್ಷಣೆಯ ಬೋರ್ಡ್ ಕೈಕೊಟ್ಟರೆ ಬೆಂಕಿ ಹತ್ತಬಹುದು. ಹೊಸ ಚಾರ್ಜರ್ ಕೇಳಿ ಪಡೆಯಿರಿ.

ಎರಡು ಬ್ಯಾಟರಿ ಜೋಡಿಸಿದಾಗ

ನಮ್ಮ ಕಡೆ ದೊಡ್ಡ ಮನೆಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ 24 ವೋಲ್ಟ್ ಇನ್ವರ್ಟರ್ ಇರುತ್ತದೆ. 12 ವೋಲ್ಟ್, 150 ಎಎಚ್ ಬ್ಯಾಟರಿ ಎರಡು. "ಒಟ್ಟು 300 ಎಎಚ್ ಹಾಕಿಸಿದ್ದೇವೆ" ಅನ್ನುತ್ತಾರೆ. ಅಲ್ಲ. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕೊಟ್ಟು ಸಾಲಾಗಿ ಜೋಡಿಸಿದರೆ, ಅಂದರೆ ಸೀರೀಸ್ ಮಾಡಿದರೆ, ವೋಲ್ಟ್ ಕೂಡುತ್ತದೆ, ಎಎಚ್ ಹಾಗೇ ಉಳಿಯುತ್ತದೆ. 24 ವೋಲ್ಟ್, 150 ಎಎಚ್. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕೊಟ್ಟು ಪ್ಯಾರಲಲ್ ಮಾಡಿದರೆ ಎಎಚ್ ಕೂಡುತ್ತದೆ, ವೋಲ್ಟ್ ಉಳಿಯುತ್ತದೆ. 12 ವೋಲ್ಟ್, 300 ಎಎಚ್. ಹೇಗೆ ಮಾಡಿದರೂ ಒಟ್ಟು 3,600 ವ್ಯಾಟ್-ಅವರ್. ಎರಡು ಬ್ಯಾಟರಿಯಲ್ಲಿ ಇದ್ದಷ್ಟೇ ಇರುತ್ತದೆ, ತಂತಿ ಬದಲಿಸಿದರೆ ಹೆಚ್ಚುವುದಿಲ್ಲ.

ಇದೇ ಗೊಂದಲ ಎಲೆಕ್ಟ್ರಿಕ್ ಗಾಡಿ ಕೊಳ್ಳುವಾಗಲೂ ಆಗುತ್ತದೆ. ಎರಡು ಸ್ಕೂಟರ್, ಎರಡೂ 30 ಎಎಚ್ ಅಂತ ಇಟ್ಟುಕೊಳ್ಳಿ. ಒಂದು 48 ವೋಲ್ಟ್, ಇನ್ನೊಂದು 60. ಮೊದಲನೆಯದರಲ್ಲಿ 1,440 ವ್ಯಾಟ್-ಅವರ್, ಎರಡನೆಯದರಲ್ಲಿ 1,800. ಕಿಲೋಮೀಟರಿಗೆ ಸುಮಾರು 30 ವ್ಯಾಟ್-ಅವರ್ ತಿನ್ನುವ ಗಾಡಿಯಾದರೆ ಒಂದು 48 ಕಿಲೋಮೀಟರ್, ಇನ್ನೊಂದು 60 ಕಿಲೋಮೀಟರ್. ಮಾನ್ವಿಯಿಂದ ರಾಯಚೂರಿಗೆ ಹೋಗಿ ಬರುವವರು ಮೊದಲು ಈ ಲೆಕ್ಕ ಹಾಕಿ, ಆಮೇಲೆ ಬಣ್ಣ ಆರಿಸಿ.

ಗಾಡಿಗಳಿಗೆ ಕಿಲೋವ್ಯಾಟ್-ಅವರ್ ಅಂತ ಹೇಳುತ್ತಾರೆ. 1,000 ವ್ಯಾಟ್-ಅವರ್ ಸೇರಿದರೆ ಒಂದು ಕಿಲೋವ್ಯಾಟ್-ಅವರ್. ಅದು ಹೊಸದೇನಲ್ಲ. ಜೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ ಅಂತ ಇರುತ್ತದಲ್ಲ, ಅದೇ. 3 ಕಿಲೋವ್ಯಾಟ್-ಅವರ್ ಬ್ಯಾಟರಿ ಅಂದರೆ 3 ಯೂನಿಟ್ ಹಿಡಿಯುವ ಡಬ್ಬಿ. ಗೋಡೆಯ ಪ್ಲಗ್ಗಿನಿಂದ ತುಂಬುವಾಗ ಚಾರ್ಜರ್ ಬಿಸಿಯಾಗಿ ಸ್ವಲ್ಪ ಹೋಗುತ್ತದೆ, ಹಾಗಾಗಿ ಮೀಟರಿನಲ್ಲಿ 3ಕ್ಕಿಂತ ಕೊಂಚ ಜಾಸ್ತಿಯೇ ಓಡುತ್ತದೆ. 51.2 ವೋಲ್ಟ್ ಪ್ಯಾಕ್ ಆದರೆ ಎಎಚ್ ಎಷ್ಟು? 3,000 ÷ 51.2, ಅಂದರೆ 58.6.

ಕಾಲುವೆ ಮೊದಲಲ್ಲಿ ಬಿಟ್ಟದ್ದೆಲ್ಲ ಕೊನೆಗೆ ಬರುವುದಿಲ್ಲ

ನಾವು ಎಡದಂಡೆ ಕಾಲುವೆಯ ಕೊನೆ ಭಾಗದವರು. ಡ್ಯಾಮಿನಲ್ಲಿ ಬಿಟ್ಟ ನೀರೆಲ್ಲ ನಮ್ಮ ಹೊಲಕ್ಕೆ ಬರುವುದಿಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಟರಿಯ ಮೇಲಿನ ಅಂಕಿಯೂ ಡ್ಯಾಮಿನ ಬಾಗಿಲಲ್ಲಿ ಬಿಟ್ಟ ನೀರು. ಫ್ಯಾನಿನವರೆಗೆ ಬರುವುದು ಎಷ್ಟು ಅಂತ ಬೇರೆ ಎಣಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮನೆ ಇನ್ವರ್ಟರಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ತೆಗೆದುಕೊಳ್ಳಿ, ಅದೂ ಲೆಡ್ ಆಸಿಡ್ ಜಾತಿಯೇ. 12 × 150 = 1,800 ವ್ಯಾಟ್-ಅವರ್. ಕಾಗದದ ಮೇಲೆ 1.8 ಯೂನಿಟ್. ಲೇಬಲ್ ಮೇಲೆ ಸಿ20 ಅಂತ ಇರುತ್ತದೆ ನೋಡಿ. ಅದರರ್ಥ, ಆ 150 ಎಎಚ್ ಸಿಗುವುದು 20 ಗಂಟೆ ಹೊತ್ತು ನಿಧಾನವಾಗಿ ತೆಗೆದಾಗ, ಅಂದರೆ 7.5 ಆಂಪಿಯರ್‌ನಂತೆ. ಅದಕ್ಕಿಂತ ಜೋರಾಗಿ ಎಳೆದರೆ ಲೆಡ್ ಆಸಿಡ್ ಅಷ್ಟು ಕೊಡುವುದಿಲ್ಲ. ಜೋರಾಗಿ ಎಳೆದಷ್ಟೂ ಸಿಗುವ ಎಎಚ್ ಕಡಿಮೆಯಾಗುತ್ತದೆ. ಸಿ10 ಅಂತ ಬರೆದಿದ್ದರೆ 10 ಗಂಟೆಯ ಲೆಕ್ಕ, 15 ಆಂಪಿಯರ್‌ನಂತೆ. ಒಂದೇ 150 ಎಎಚ್ ಅಂತ ಬರೆದಿದ್ದರೂ ಸಿ10 ಬ್ಯಾಟರಿಯೇ ಗಟ್ಟಿ. ಬೆಲೆ ಕೇಳುವಾಗ ಇದನ್ನೂ ಕೇಳಿ.

ನನ್ನ ಪಂಪಿನ ಅರ್ಧ ಗಂಟೆಯ ಗುಟ್ಟು ಇದೇ. ಮೋಟಾರು ಎಳೆಯುವುದು ಸುಮಾರು 2.5 ಆಂಪಿಯರ್. 8 ಎಎಚ್ ಲೆಡ್ ಆಸಿಡ್‌ಗೆ ಅದು ಜೋರು, 6 ಎಎಚ್ ಆಸುಪಾಸು ಕೊಟ್ಟು ಸುಸ್ತಾಗುತ್ತಿತ್ತು. ಲಿಥಿಯಂ ಅಷ್ಟು ಎಳೆದರೂ ತನ್ನ 8ರ ಹತ್ತಿರ ಕೊಡುತ್ತದೆ.

ಇನ್ನೊಂದು, ಲೆಡ್ ಆಸಿಡ್ ಬ್ಯಾಟರಿಯನ್ನು ತಳ ಕೆರೆಯುವವರೆಗೆ ಖಾಲಿ ಮಾಡಬಾರದು. ದಿನಾ ಹಾಗೆ ಮಾಡಿದರೆ ಆಯುಷ್ಯ ಬೇಗ ಮುಗಿಯುತ್ತದೆ. ನಾನು ಕಾಲು ಭಾಗ ಒಳಗೇ ಬಿಡುವ ಲೆಕ್ಕ ಹಾಕುತ್ತೇನೆ. ಆಮೇಲೆ ಇನ್ವರ್ಟರ್ 12 ವೋಲ್ಟನ್ನು 230 ಮಾಡುವಾಗ ಸುಮಾರು ಐದನೇ ಒಂದು ಭಾಗ ಬಿಸಿಯಾಗಿ ಹೋಯಿತು ಅಂತ ಹಿಡಿಯಿರಿ. ಈಗ ನೋಡಿ: 1,800 × 0.75 × 0.8 = 1,080. ಮನೆಗೆ ನಿಜವಾಗಿ ಸಿಗುವುದು ಒಂದು ಯೂನಿಟ್ ಚಿಲ್ಲರೆ.

ಇನ್ನು ಲೋಡ್. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಎರಡಕ್ಕೆ 150. 9 ವ್ಯಾಟಿನ ಎಲ್‌ಇಡಿ ಬಲ್ಬ್ ನಾಲ್ಕು, 36. ವೈಫೈ ಡಬ್ಬಿ ಒಂದು 10. ಒಟ್ಟು 196, ನಾನು 200 ಅನ್ನುತ್ತೇನೆ. 1,080 ÷ 200 = 5.4. ಸುಮಾರು ಐದು ಗಂಟೆ. ಫ್ಯಾನ್ ಎರಡನ್ನೂ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ತಿನ್ನುವ ಮೋಟಾರಿನ 30 ವ್ಯಾಟಿನ ಫ್ಯಾನ್, ಮಾಡಿದರೆ ಲೋಡ್ 106ಕ್ಕೆ ಇಳಿಯುತ್ತದೆ, ಅದೇ ಬ್ಯಾಟರಿ ಹತ್ತು ಗಂಟೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಕರೆಂಟ್ ಹೋದಾಗ ಮನೆಯಲ್ಲಿ ಸಣ್ಣ ಮಕ್ಕಳಿದ್ದವರು, ದೊಡ್ಡ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಫ್ಯಾನ್ ಬದಲಿಸುವುದನ್ನು ಯೋಚಿಸಿ. ನನ್ನ ತಂಗಿ ಗಂಗಾವತಿಯಲ್ಲಿ ಇದನ್ನೇ ಮಾಡಿದಳು. ಎರಡನೇ ಬ್ಯಾಟರಿ ಬೇಕಾಗಲೇ ಇಲ್ಲ.

ಇನ್ವರ್ಟರ್ ಮೇಲೆ 900 ವಿಎ, 1,100 ವಿಎ ಅಂತ ಇರುತ್ತದಲ್ಲ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆಗೆ ಎಷ್ಟು ಲೋಡ್ ಹಾಕಬಹುದು ಅನ್ನುವುದನ್ನು ಅದು ಹೇಳುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ಹೇಳುವುದು ಬ್ಯಾಟರಿ. ಪೈಪಿನ ದಪ್ಪ ಬೇರೆ, ತೊಟ್ಟಿಯ ಗಾತ್ರ ಬೇರೆ.

ಎಲ್‌ಎಫ್‌ಪಿ ಹಾಕಿಸುವವರಿಗೆ: 12.8 ವೋಲ್ಟ್, 100 ಎಎಚ್ ಪ್ಯಾಕ್ 1,280 ವ್ಯಾಟ್-ಅವರ್. ಅದರಲ್ಲಿ ಹತ್ತನೇ ಒಂದು ಭಾಗ ಬಿಟ್ಟು ಉಳಿದದ್ದನ್ನು ಬಳಸಬಹುದು. 1,280 × 0.9 × 0.8 ಅಂದರೆ ಸುಮಾರು 920. ಅಂದರೆ 100 ಎಎಚ್ ಎಲ್‌ಎಫ್‌ಪಿ, 150 ಎಎಚ್ ಲೆಡ್ ಆಸಿಡ್‌ಗೆ ಹತ್ತಿರ ಬರುತ್ತದೆ, ಆದರೆ ಸಮ ಅಲ್ಲ. ಲೋಡ್ ಜೋರಾದಷ್ಟೂ ಅಂತರ ಕಡಿಮೆಯಾಗುತ್ತದೆ. ಬೆಲೆ ಹೋಲಿಸುವಾಗ ಒಂದು ಎಎಚ್‌ಗೆ ಎಷ್ಟು ರೂಪಾಯಿ ಅಂತ ನೋಡಬೇಡಿ. ಹೀಗೆ ಕೊನೆಗೆ ಸಿಗುವ ವ್ಯಾಟ್-ಅವರ್‌ಗೆ ಎಷ್ಟು ರೂಪಾಯಿ ಅಂತ ನೋಡಿ.

ಪವರ್ ಬ್ಯಾಂಕ್

20,000 ಎಂಎಎಚ್ ಪವರ್ ಬ್ಯಾಂಕ್, 5,000 ಎಂಎಎಚ್ ಫೋನ್. ನಾಲ್ಕು ಸಲ ತುಂಬಬೇಕಲ್ವಾ? ತುಂಬುವುದಿಲ್ಲ. ಪವರ್ ಬ್ಯಾಂಕಿನ 20,000 ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ, ಅಂದರೆ 74 ವ್ಯಾಟ್-ಅವರ್. ಹೊರಗೆ ಬರುವುದು 5 ವೋಲ್ಟ್. ಆ ಏರಿಳಿತದಲ್ಲಿ, ತಂತಿಯಲ್ಲಿ ಸ್ವಲ್ಪ ಹೋಗಿ 63ರಷ್ಟು ಸಿಕ್ಕಿತು ಅನ್ನೋಣ. ಫೋನಿನ ಬ್ಯಾಟರಿ 3.85 ವೋಲ್ಟ್‌ನದು ಅಂತ ಹಿಡಿದರೆ 3.85 × 5 = 19.25 ವ್ಯಾಟ್-ಅವರ್. 63 ÷ 19.25, ಮೂರು ಸಲ ಆಗಿ ಸ್ವಲ್ಪ ಉಳಿಯುತ್ತದೆ. ಒಳ್ಳೆಯ ಪವರ್ ಬ್ಯಾಂಕಿನ ಹಿಂದೆ ಸಣ್ಣ ಅಕ್ಷರದಲ್ಲಿ "ರೇಟೆಡ್ ಕೆಪ್ಯಾಸಿಟಿ" ಅಂತ 5 ವೋಲ್ಟ್ ಲೆಕ್ಕದ ಅಂಕಿ ಇರುತ್ತದೆ, 12,000 ಚಿಲ್ಲರೆ ಅಂತ. ಅದನ್ನು ಹೋಲಿಸಿ ಕೊಳ್ಳಿ. ಆ ಸಾಲೇ ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ.

ನಮ್ಮ ಕಡೆಯ ಹುಡುಗರು ಹೈದರಾಬಾದಿಗೆ ಹೋಗಿ ವಿಮಾನ ಹತ್ತುತ್ತಾರೆ. ಅವರಿಗೆ ಇದು ಬೇಕೇ ಬೇಕು. ವಿಮಾನದವರು ಎಂಎಎಚ್ ಕೇಳುವುದಿಲ್ಲ, ವ್ಯಾಟ್-ಅವರ್ ಕೇಳುತ್ತಾರೆ. 100 ವ್ಯಾಟ್-ಅವರ್ ಒಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗೆ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದರ ಮೇಲೆ ಬಿಡುವುದಿಲ್ಲ. 3.7ರಿಂದ ಭಾಗಿಸಿ ನೋಡಿ, 100 ವ್ಯಾಟ್-ಅವರ್ ಅಂದರೆ 27,000 ಎಂಎಎಚ್. 30,000ದ್ದು ಒಯ್ದರೆ 111 ಆಗುತ್ತದೆ, ಒಪ್ಪಿಗೆ ಇಲ್ಲದಿದ್ದರೆ ತಡೆಯುತ್ತಾರೆ. ಎಷ್ಟೇ ಇರಲಿ, ಪವರ್ ಬ್ಯಾಂಕನ್ನು ಲಗೇಜಿಗೆ ಹಾಕುವ ಹಾಗಿಲ್ಲ.

ಲೇಬಲ್ ನಂಬದಿದ್ದರೆ ಅಳೆದು ನೋಡಿ

ತುಂಗಭದ್ರಾ ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಬ್ಯಾಟರಿಯೊಳಗೂ ವರ್ಷ ಕಳೆದಂತೆ ಹೂಳು ತುಂಬಿದ ಹಾಗೇ ಆಗುತ್ತದೆ. ಲೇಬಲ್ ಮಾತ್ರ ಹಳೆಯ ಅಂಕಿಯನ್ನೇ ಹೇಳುತ್ತಿರುತ್ತದೆ. ಅದರಲ್ಲೂ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ. 25 ಡಿಗ್ರಿಯ ಮೇಲೆ ಪ್ರತಿ 8ರಿಂದ 10 ಡಿಗ್ರಿ ಏರಿದಂತೆ ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರು ಹಿಡಿಯುವ ಲೆಕ್ಕ. ತಗಡಿನ ಕೋಣೆಯಲ್ಲಿ, ಮಾಳಿಗೆ ಮೆಟ್ಟಿಲ ಕೆಳಗೆ ಗಾಳಿಯಾಡದ ಕಡೆ ಬ್ಯಾಟರಿ ಇಟ್ಟಿದ್ದರೆ ಇವತ್ತೇ ನೆರಳಿಗೆ ತನ್ನಿ. ಬೇಸಿಗೆಯಲ್ಲಿ ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ.

ಅಳೆಯುವುದು ಸುಲಭ. ಒಂದು ಮಲ್ಟಿಮೀಟರ್, ಒಂದು ಗಡಿಯಾರ, ಬೈಕಿನ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದು. ಬ್ಯಾಟರಿ ಫುಲ್ ಚಾರ್ಜ್ ಮಾಡಿ ಒಂದೆರಡು ಗಂಟೆ ಸುಮ್ನೆ ಬಿಡಿ. ಬಲ್ಬ್ ಜೋಡಿಸಿ, ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಬಲ್ಬಿನ ತಂತಿಯ ನಡುವೆ ಸೇರಿಸಿ ಕರೆಂಟ್ ನೋಡಿ, ಬರೆದುಕೊಳ್ಳಿ. ಆಂಪಿಯರ್ ತೂತಿನಲ್ಲಿಟ್ಟ ಮೀಟರನ್ನು ನೇರ ಬ್ಯಾಟರಿಯ ಎರಡು ಕಡೆಗೆ ಮುಟ್ಟಿಸಬೇಡಿ, ಶಾರ್ಟ್ ಆಗುತ್ತದೆ. ಅರ್ಧ ಗಂಟೆಗೊಮ್ಮೆ ಕರೆಂಟ್, ವೋಲ್ಟ್ ಎರಡನ್ನೂ ಬರೆಯುತ್ತಾ ಹೋಗಿ. 12 ವೋಲ್ಟ್ ಲೆಡ್ ಆಸಿಡ್ ಆದರೆ 10.5ಕ್ಕೆ ಇಳಿದ ಕೂಡಲೇ ನಿಲ್ಲಿಸಿ, ತಡ ಮಾಡದೆ ಮತ್ತೆ ಚಾರ್ಜಿಗೆ ಹಾಕಿ. ಲಿಥಿಯಂ ಪ್ಯಾಕ್ ಒಳಗಿನ ಬೋರ್ಡ್ ತಾನೇ ಕಟ್ ಮಾಡುತ್ತದೆ. ಸರಾಸರಿ ಕರೆಂಟ್ × ಗಂಟೆ = ಎಎಚ್. ಅದನ್ನು ಸರಾಸರಿ ವೋಲ್ಟ್‌ನಿಂದ ಗುಣಿಸಿದರೆ ವ್ಯಾಟ್-ಅವರ್. ದೊಡ್ಡ ಇನ್ವರ್ಟರ್ ಬ್ಯಾಟರಿಗೆ ಈ ಬಲ್ಬ್ ಸಾಲದು, ಮೂರು ದಿನ ಉರಿಯುತ್ತದೆ. ಅದಕ್ಕೆ ಮನೆಯ ಮೇನ್ ಆಫ್ ಮಾಡಿ, ಗೊತ್ತಿರುವ ಲೋಡ್ ಹಾಕಿ, ಎಷ್ಟು ಗಂಟೆ ಬಂತು ಅಂತ ನೋಡಿದರೆ ಸಾಕು.

ಪಂಪಿನ ಪ್ಯಾಕನ್ನು ನಾನು ಹೀಗೆಯೇ ಅಳೆದೆ. ಸರಾಸರಿ 1.7 ಆಂಪಿಯರ್, 4 ಗಂಟೆ 40 ನಿಮಿಷ. 7.9 ಎಎಚ್ ಬಂತು. ಅಂಗಡಿಯವರಿಗೆ ಆ ಚೀಟಿ ಒಯ್ದು ತೋರಿಸಿದೆ. ಅವರೂ ಕೂತು ಕೇಳಿದರು. ಈಗ ಅವರ ಗಾಜಿನ ಪೆಟ್ಟಿಗೆಯಲ್ಲಿರುವ ಪ್ಯಾಕ್‌ಗಳ ಮೇಲೆ ಪೆನ್ನಿನಲ್ಲಿ ವ್ಯಾಟ್-ಅವರ್ ಬರೆದಿರುತ್ತದೆ. ನಮ್ಮ ಪ್ಯಾಕಿನ ಮೇಲೆ ನಾನೂ ಬರೆದಿದ್ದೇನೆ, ತಾರೀಕು ಸಮೇತ. ಹತ್ತಿಗೆ ಮೊದಲ ಎಣ್ಣೆ ಹೊಡೆಯುವ ಮುಂಚೆ ವರ್ಷಕ್ಕೊಮ್ಮೆ ಅಳೆಯುತ್ತೇನೆ. ಈ ವರ್ಷ 7.2 ಬಂದಿದೆ, 11.1ರಿಂದ ಗುಣಿಸಿದರೆ 80 ವ್ಯಾಟ್-ಅವರ್. ಮೋಟಾರಿಗೆ ಗಂಟೆಗೆ 28 ಬೇಕು. ಎರಡೂಮುಕ್ಕಾಲು ಗಂಟೆ ಬರುತ್ತದೆ, ನಮ್ಮ ಎರಡು ಎಕರೆಗೆ ಇನ್ನೂ ಸಾಕು.